ಯಾರಿಗೂ ಒತ್ತದ ಉಂಗುರ

ಪೊಟ್ಟಣ ಬಿಚ್ಚಿದ ಕೂಡಲೇ ರಾಜಶ್ರೀಯ ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಒಂದು ವಾರ ಹೆಂಗಸೊಬ್ಬಳ ಮೈಯೊಳಗಿದ್ದು ಬಂದ ಸಿಲಿಕಾನ್ ಉಂಗುರಕ್ಕೆ ಇರಬೇಕಾದ ವಾಸನೆ ಅದಲ್ಲ. ರೇಷ್ಮೆ ಸೀರೆಯ ಮಡಿಕೆಯಿಂದ ಈಗಷ್ಟೇ ಎದ್ದು ಬಂದಂತಿತ್ತು. ಗ್ಲೌಸ್ ಹಾಕಿದ ಕೈಯಲ್ಲಿ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎಳೆದು ತೆಗೆಯಲೆಂದು ಕಟ್ಟಿದ್ದ ಮೆತ್ತನೆಯ ದಾರವನ್ನು ಅವಳೇ ಸುತ್ತಿ ಮಡಿಸಿಟ್ಟಿದ್ದಳು. ಆ ಮಡಿಕೆ ಹಾಗೆಯೇ ಇತ್ತು.

‘ಇದನ್ನ ಯಾರೂ ಹಾಕ್ಕೊಂಡೇ ಇಲ್ಲ’ ಎಂದುಕೊಂಡಳು.

ಅದರ ಜೊತೆ ಬಂದ ಉತ್ತರದಲ್ಲಿ ಮಾತ್ರ ಬೇರೆಯೇ ಕಥೆ. ನೋವಿಲ್ಲ, ಉರಿಯಿಲ್ಲ, ಒಳಗಿದೆಯೆಂಬುದೇ ಮರೆತುಹೋಗಿತ್ತು, ಆರಾಮ. ಕೆಳಗೆ ಸೌಮ್ಯಳ ದುಂಡು ಅಕ್ಷರದ ಸಹಿ.

ಜೆ.ಪಿ. ನಗರದಲ್ಲಿ ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಚಿಕ್ಕ ಕಂಪನಿ ಇತ್ತು. ಮುಟ್ಟಿನ ಕಪ್ ಮಾಡಿ ಮಾರಿ ಒಂದಿಷ್ಟು ಹೆಸರು ಗಳಿಸಿದ್ದರು. ಈಗ ಕೈಹಾಕಿದ್ದು ಹೊಸದೊಂದಕ್ಕೆ. ಮತ್ತೆ ಮತ್ತೆ ಸೋಂಕಾಗುವ ಹೆಂಗಸರು ರಾತ್ರಿಯೆಲ್ಲ ಮಾತ್ರೆ ಒಳಗಿಟ್ಟುಕೊಂಡು, ಬೆಳಗ್ಗೆ ಅದು ಕರಗಿ ಸೋರಿ, ಬಟ್ಟೆ ಬದಲಿಸುವ ತಾಪತ್ರಯವಿದೆಯಲ್ಲ, ಅದನ್ನು ತಪ್ಪಿಸಲು ಔಷಧಿಯನ್ನು ನಿಧಾನವಾಗಿ ಬಿಡುವ ಉಂಗುರ. ಅದರ ಆಕಾರ ರಾಜಶ್ರೀಯದು. ಬಾಗಲಕೋಟೆಯಿಂದ ಬಂದು ಬಿಟಿಎಂನಲ್ಲಿ ಒಂದು ಕೋಣೆ ಹಿಡಿದು, ಎರಡು ವರ್ಷ ಇದೊಂದರ ಹಿಂದೆಯೇ ಬಿದ್ದಿದ್ದಳು. ಉಂಗುರದಲ್ಲಿ ಇನ್ನೂ ಔಷಧಿ ಹಾಕಿರಲಿಲ್ಲ. ಅದು ಹಿತವಾಗಿ ಕೂರುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ಈಗ ನೋಡುವುದು. ಡಾಕ್ಟರು ಪರೀಕ್ಷಿಸಿ ಒಪ್ಪಿದ ಹೆಂಗಸರಿಗೆ ಕೊಟ್ಟು, ವಾರದ ಮೇಲೆ ಅವರ ಜೊತೆ ಕೂತು ಮಾತಾಡಿ, ಉಂಗುರ ವಾಪಸ್ ತರುವ ಕೆಲಸ ಸೌಮ್ಯಳದು. ಸೌಮ್ಯ ಯಡಿಯೂರಿನ ಹಳೇ ಮನೆತನದವಳು. ಇಟ್ಟಮಡುವಿನಿಂದ ಹೊಸಕೆರೆಹಳ್ಳಿಯವರೆಗೆ ಅವಳಿಗೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇಲ್ಲದ ಬೀದಿಯೇ ಇಲ್ಲ.

ಬಂದ ಉತ್ತರಗಳೆಲ್ಲ ಒಂದೇ. ಆರಾಮ. ಮಾಲೀಕ ಶಿವರಾಮ್ ಹಿರಿಹಿರಿ ಹಿಗ್ಗಿದ್ದ. ಮುಂದಿನ ವಾರ ಆಸ್ಪತ್ರೆಯವರ ಎದುರು ಇದನ್ನೆಲ್ಲ ಇಡಬೇಕೆಂದು ತಯಾರಿ ನಡೆಸಿದ್ದ. ರಾಜಶ್ರೀಗೆ ಮಾತ್ರ ಆ ಖುಷಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಸ ಚಪ್ಪಲಿ ಕೊಂಡರೂ ಒಬ್ಬರಿಗೆ ಹಿಮ್ಮಡಿ ಕಚ್ಚುತ್ತದೆ, ಇನ್ನೊಬ್ಬರಿಗೆ ಬೆರಳು. ಇಷ್ಟು ಹೆಂಗಸರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲವೆಂದರೆ?

ಸೌಮ್ಯ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಹೋಗಿ ಎದುರು ಕೂತಳು.

“ಸೌಮ್ಯ, ಈ ಸಲ ನಾನೂ ನಿಮ್ಮ ಜೊತೆ ಬರ್ತೀನಿ. ಅವರನ್ನ ನಾನೂ ಒಂದ್ಸಲ ಮಾತಾಡಿಸ್ಬೇಕು.”

“ಬೇಡ ಮೇಡಂ.” ಸೌಮ್ಯ ತಲೆಯೆತ್ತಲಿಲ್ಲ. “ನೀವು ಬಂದ್ರೆ ಅವ್ರು ಬಾಯೇ ಬಿಡಲ್ಲ.”

“ಈಗ ಬಿಡ್ತಾರಾ?”

“ಬಿಡ್ದೇ ಏನು? ಬರ್ಕೊಂಡು ಬಂದಿದೀನಲ್ಲ.”

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ನಡುಗಿತು. ಸೌಮ್ಯ ಅದನ್ನು ತಟ್ಟನೆ ಬೋರಲು ಹಾಕಿದಳು. ಅನ್ನಕ್ಕೆ ಸಾರು ಕಲೆಸುತ್ತ, “ನಮ್ಮಮ್ಮ” ಎಂದಳು. ಯಾರೂ ಕೇಳಿರಲಿಲ್ಲ.

ಅಂದಿನಿಂದ ರಾಜಶ್ರೀಯ ಕಣ್ಣು ಸೌಮ್ಯಳ ಬೆನ್ನಿಗೆ ಅಂಟಿಕೊಂಡಿತು. ಇಟ್ಟಮಡುವಿಗೆ ಹೋಗುತ್ತೇನೆಂದು ಹೊರಟವಳು ಯಡಿಯೂರು ಕೆರೆಯ ಕಲ್ಲುಬೆಂಚಿನ ಮೇಲೆ ಯಾರೋ ಹೆಂಗಸಿನ ಜೊತೆ ಕೂತಿದ್ದದ್ದನ್ನು ಬಸ್ಸಿನ ಕಿಟಕಿಯಿಂದ ಕಂಡಳು. ಇಬ್ಬರ ನಡುವೆ ಏನೋ ಕೈ ಬದಲಾಯಿತು. ಅದೇನೆಂದು ಕಾಣುವ ಮೊದಲೇ ಬಸ್ ಮುಂದೆ ಹೋಗಿತ್ತು. ಬೇರೆ ಕಂಪನಿಯವರೇನಾದರೂ ಇವಳನ್ನು ಹಿಡಿದುಕೊಂಡಿದ್ದಾರೆಯೇ? ಹೊಸ ಅಚ್ಚಿನ ಉಂಗುರ ಇವಳ ಕೈಯಿಂದಲೇ ಆಚೆ ಹೋಗುತ್ತಿದೆಯೇ? ಹಾಗೆ ಯೋಚಿಸಲು ನಾಚಿಕೆಯೂ ಆಯಿತು. ಯೋಚಿಸುವುದು ಮಾತ್ರ ನಿಲ್ಲಲಿಲ್ಲ. ಸೌಮ್ಯ ನಕ್ಕರೆ ಯಾಕೆ ನಕ್ಕಳು, ಬೇಗ ಬಂದರೆ ಯಾಕೆ ಬೇಗ ಬಂದಳು ಎಂಬಲ್ಲಿಗೆ ಬಂತು.

ಗುರುವಾರ ಸೌಮ್ಯಳ ಸ್ಕೂಟರ್ ಗೇಟು ದಾಟಿದ ಬೆನ್ನಿಗೇ ರಾಜಶ್ರೀ ಆಟೋ ಹತ್ತಿದಳು.

“ಆ ನೀಲಿ ಸ್ಕೂಟರ್ ಹಿಂದೆ ಹೋಗಿ ಅಣ್ಣ.”

ಆಟೋದವನು ಕನ್ನಡಿಯಲ್ಲಿ ಅವಳನ್ನು ಒಮ್ಮೆ ನೋಡಿದ. “ಏನ್ ಮೇಡಂ, ಜಗಳಾನಾ?”

“ಇಲ್ಲ. ಸುಮ್ನೆ ಹೋಗ್ರಿ” ಎಂದಳು. ಸಿಟ್ಟು ಬಂದಾಗ ಊರ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು.

ರಿಂಗ್ ರೋಡು ಹಿಡಿದು, ಹೊಸಕೆರೆಹಳ್ಳಿಯ ಒಳಬೀದಿಗಳಲ್ಲಿ ತಿರುಗಿ, ಸ್ಕೂಟರ್ ಒಂದು ಮೂರಂತಸ್ತಿನ ಮನೆಯ ಮುಂದೆ ನಿಂತಿತು. ರಾಜಶ್ರೀ ಬೀದಿಯ ತುದಿಯಲ್ಲೇ ಇಳಿದು, ಇಸ್ತ್ರಿ ಗಾಡಿಯ ಮರೆಯಲ್ಲಿ ನಿಂತಳು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಬಂದು, ಗೇಟಿನ ಮೇಲಿಂದಲೇ ಒಂದು ಪೊಟ್ಟಣ ದಾಟಿಸಿದಳು, ಪಕ್ಕದ ಮನೆಗೆ ಕರಿಬೇವು ಕೊಟ್ಟ ಹಾಗೆ. ಸೌಮ್ಯ ಒಳಗೆ ಹೋಗಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ಕೂಟರ್ ತಿರುಗಿಸಿಕೊಂಡು ಹೊರಟೇಬಿಟ್ಟಳು.

ಕೂತು ಮಾತಾಡಿ ಬರೆದುಕೊಂಡ ಉತ್ತರ ಎಂದರೆ ಇದು! ರಾಜಶ್ರೀಯ ಕಿವಿ ಬಿಸಿಯಾಯಿತು. ಮನೆಯ ಮುಂದೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ನೇತಾಡುತ್ತಿತ್ತು. ಹಿಂದೆ ಮುಂದೆ ನೋಡದೆ ಹೋಗಿ ಗೇಟು ತಟ್ಟಿದಳು.

“ಯಾರ್ ಬೇಕಿತ್ತು?”

“ಮನೆ ಖಾಲಿ ಇದೆ ಅಂತ ಬೋರ್ಡ್ ನೋಡ್ದೆ ಆಂಟಿ.”

ಮನೆಯೊಡತಿ ಅಂಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಎಷ್ಟ್ ಜನ?”

“ಒಬ್ಬಳೇ.”

“ಒಬ್ಳಿಗೆ ಅಷ್ಟ್ ದೊಡ್ಡ ಮನೆ ಯಾಕಮ್ಮಾ? ಯಾವ್ ಕಡೆಯೋರು?”

“ಬಾಗಲಕೋಟೆ ಕಡೆ. ಕೆಲ್ಸ ಜೆ.ಪಿ. ನಗರದಲ್ಲಿ. ಡಿಸೈನ್ ಕೆಲ್ಸ.”

“ಬ್ಲೌಸ್ ಡಿಸೈನಾ?”

“ಅಲ್ಲ... ಹೆಂಗಸರಿಗೆ ಬೇಕಾದ ಬೇರೆ ಸಾಮಾನು.”

ಚಿಲಕದ ಮೇಲಿದ್ದ ಅಂಕಮ್ಮನ ಕೈ ಅಲ್ಲೇ ನಿಂತಿತು. ಮುಖ ಬಿಗಿಯಿತು. “ಸೌಮ್ಯನ ಆಫೀಸ್ನೋಳು ಅಲ್ವಾ ನೀನು? ಮನೆ ನೋಡೋಕೆ ಬಂದೋಳಲ್ಲ.”

ಅಂಕಮ್ಮ ಅವಳನ್ನು ಬಿಸಿಲಲ್ಲೇ ನಿಲ್ಲಿಸಿ ಒಳಹೋಗಿ, ಫೋನಿನಲ್ಲಿ ಪಿಸುಗುಟ್ಟಿದಳು. ಸೌಮ್ಯ ವಾಪಸ್ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ರಾಜಶ್ರೀಯ ಕಡೆ ನೋಡದೆಯೇ ಹೇಳಿದಳು: “ನೀವು ಹಿಂದೆ ಬರ್ತಿರೋದು ದೇವೇಗೌಡ ಪೆಟ್ರೋಲ್ ಬಂಕ್ ಹತ್ರಾನೇ ಕನ್ನಡೀಲಿ ಕಾಣ್ತು ಮೇಡಂ. ಇಲ್ಲೀವರ್ಗೂ ಬರಲ್ಲ ಅಂದ್ಕೊಂಡಿದ್ದೆ.”

“ಬೀದೀಲಿ ಬೇಡ. ಯಜಮಾನ್ರು ಊಟಕ್ಕೆ ಬರೋ ಹೊತ್ತು” ಎಂದು ಅಂಕಮ್ಮ ಸೆರಗಿಂದ ಬೀಗದ ಕೈ ಬಿಚ್ಚಿದಳು. “ಮನೆ ನೋಡೋಕೆ ಬಂದಿದೀನಿ ಅಂದ್ಯಲ್ಲ, ಬಾ, ನೋಡು.”

ಮೇಲಿನ ಖಾಲಿ ಮನೆಯಲ್ಲಿ ಸುಣ್ಣದ ವಾಸನೆ. ಕುರ್ಚಿಯಿಲ್ಲ, ಚಾಪೆಯಿಲ್ಲ. ಮೂವರೂ ನೆಲದ ಮೇಲೆ ಕೂತರು. ರಾಜಶ್ರೀ ಸೌಮ್ಯಳಿಂದ ಆ ಪೊಟ್ಟಣ ಇಸಿದುಕೊಂಡು ಮೂಸಿದಳು, ಅದೇ ನುಸಿಗುಳಿಗೆಯ ವಾಸನೆ. ಸೀದಾ ವಿಷಯಕ್ಕೆ ಬಂದಳು.

“ಆಂಟಿ, ನೀವು ಆ ಉಂಗುರ ಹಾಕ್ಕೊಂಡಿಲ್ಲ. ಬೀರುವಿನಲ್ಲಿಟ್ಟಿದ್ರಿ. ಸೌಮ್ಯ ಆರಾಮ ಅಂತ ಬರೀತಾಳೆ. ಯಾಕೆ?”

ಅಂಕಮ್ಮ ಸೌಮ್ಯಳ ಮುಖ ನೋಡಿದಳು. ಸೌಮ್ಯ ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಿದ್ದಳು.

“ಮೊದಲ್ನೇ ಸಲ ಕೊಟ್ಟಿದ್ದನ್ನ ಹಾಕ್ಕೊಂಡಿದ್ದೆ ಕಣಮ್ಮ” ಎಂದಳು ಅಂಕಮ್ಮ. “ಒತ್ತುತ್ತೆ ಅಂತ್ಲೂ ಹೇಳ್ದೆ. ಇವ್ಳು ಬರ್ಕೊಂಡು ಹೋದ್ಲು. ಮಾರನೇ ದಿವ್ಸ ನಿಮ್ಮ ಆಫೀಸಿಂದ ಫೋನ್ ಬಂತು. ಫೋನು ನಮ್ಮೋರ ಕೈಲಿತ್ತು. ‘ಅಂಕಮ್ಮೋರ್ಗೆ ಒತ್ತುತ್ತಂತಲ್ಲ, ಎಲ್ಲಿ ಒತ್ತುತ್ತೆ?’ ಅಂತ ಕೇಳ್ಬಿಟ್ರು. ಗಂಡಸು ದನಿ.”

ರಾಜಶ್ರೀ ಕಣ್ಣು ಮುಚ್ಚಿಕೊಂಡಳು.

“ಆಮೇಲೆ ಕೇಳ್ಬೇಕಾ? ಯಾವನೇ ಅವನು, ನಿಂಗೆ ಎಲ್ಲಿ ಒತ್ತುತ್ತೆ ಅಂತ ಕೇಳೋನು ಅಂತ ಬೀದಿಗೆಲ್ಲಾ ಕೇಳೋ ಹಂಗೆ ಕೂಗಾಡಿದ್ರು. ನಮ್ ಸೊಸೆ ಮುಂದೆ ತಲೆ ಎತ್ತೋಕಾಗ್ಲಿಲ್ಲ ನಂಗೆ. ಇವ್ಳು ಮತ್ತೆ ತಂದುಕೊಟ್ಟಾಗ ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ, ಸೀರೆ ಅಡೀಗೆ ಹಾಕಿದ್ದೆ.”

“ಶಿವರಾಮ್ ಸಾರ್ ಫೋನ್ ಮಾಡಿದ್ರಾ?” ರಾಜಶ್ರೀ ಸೌಮ್ಯಳ ಕಡೆ ತಿರುಗಿದಳು.

“ನಿಮ್ಮ ಕೈಗೆ ಬರೋ ಮುಂಚೆ ಅವ್ರೇ ಆ ಹಾಳೆ ನೋಡಿ ನಂಬರ್ ಕೇಳಿದ್ರು, ನಾನೇ ಕೊಟ್ಟೆ. ಒಳ್ಳೆ ಮನಸ್ಸಿಂದಾನೇ ಕೇಳಿದ್ರು ಪಾಪ. ಗಲಾಟೆ ಆದ್ಮೇಲೆ ಆ ಹಾಳೆ ನಾನೇ ಹರಿದುಹಾಕ್ದೆ. ವಿಷಯ ಬೀದಿ ಬೀದಿ ದಾಟ್ತು. ಆಮೇಲೆ ಯಾರನ್ನ ಕೇಳಿದ್ರೂ ಆರಾಮ, ಆರಾಮ. ಒಬ್ರಂತೂ ಮನೆ ಹತ್ರ ಬರ್ಬೇಡ, ಕೆರೆ ಹತ್ರ ಸಿಕ್ತೀನಿ ಅಂದ್ರು. ಅಲ್ಲಿ ಹೋಗಿ ಇಸ್ಕೊಂಡೆ.”

ಕಲ್ಲುಬೆಂಚಿನ ಹೆಂಗಸು. ರಾಜಶ್ರೀ ತನ್ನ ಊಹೆಗಳೆಲ್ಲ ನೆನಪಾಗಿ, ನೆಲದ ಮೇಲೆ ಕೂತಲ್ಲೇ ಕುಗ್ಗಿದಳು. ಆದರೂ ಕೇಳಿದಳು: “ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮತ್ತೆ ಇವ್ರಿಗೇ ಫೋನ್ ಬರ್ತಿತ್ತು.” ಈಗ ಸೌಮ್ಯ ನೇರ ನೋಡಿದಳು. “ನೀವಾದ್ರೂ ಒಂದು ಮಾತು ಏನಾಯ್ತು ಅಂತ ಕೇಳ್ಬಹುದಿತ್ತು ಮೇಡಂ.”

“ಕೇಳಿದ್ನಲ್ಲ.”

“ಕೇಳ್ಲಿಲ್ಲ. ನಾನು ಸಿಕ್ಕಿಬೀಳ್ತೀನಾ ಅಂತ ನೋಡಿದ್ರಿ.”

ಅಂಕಮ್ಮನಿಗೆ ಇಬ್ಬರ ಮೇಲೂ ಕನಿಕರ ಬಂತೋ ಏನೋ, ಎದ್ದು ಬಾಗಿಲು ಒರಗಿಸಿ ಬಂದಳು. “ಎಲ್ಲಿ ಒತ್ತುತ್ತೆ ಅಂತ ಹೇಳ್ತೀನಿ, ಕೇಳು. ನಿಂತ್ರೆ ಏನಿಲ್ಲ. ಸೋಫಾ ಮೇಲೆ ಕೂತ್ರೂ ಏನಿಲ್ಲ.” ಸೀರೆ ಎತ್ತಿಕಟ್ಟಿ ರಂಗೋಲಿ ಹಾಕುವವಳಂತೆ ಕುಕ್ಕರಗಾಲಲ್ಲಿ ಕೂತಳು. “ಹಿಂಗ್ ಕೂತ್ರೆ ಸೊಟ್ಟಗಾಗಿ ಮುಂದಕ್ಕೆ ಒತ್ತುತ್ತೆ. ಉಚ್ಚೆ ಬಂದಂಗಾಗುತ್ತೆ. ಹೋದ್ರೆ ಬರಲ್ಲ. ಮತ್ತೆ ಎದ್ದು ನಿಂತ್ರೆ ಸರಿ.”

ಉಂಗುರವನ್ನು ರಾಜಶ್ರೀ ತಾನೂ ಹಾಕಿಕೊಂಡು ನೋಡಿದ್ದಳು. ಏನೂ ಆಗಿರಲಿಲ್ಲ. ಬಸ್ಸು, ಕುರ್ಚಿ, ಹಾಸಿಗೆ, ಕಮೋಡು. ಆ ವಾರವೆಲ್ಲ ಒಮ್ಮೆಯಾದರೂ ಹೀಗೆ ಕೂತಿದ್ದಳೇ? ಅವಳೂ ಅಂಕಮ್ಮನ ಎದುರು ಹಾಗೆಯೇ ಕೂತು, ಹೊಟ್ಟೆಯ ಕೆಳಗೆ ಎಲ್ಲಿ ಏನು ಸರಿದೀತೆಂದು ಕೈಯಿಟ್ಟು ನೋಡಿಕೊಂಡಳು.

ಕೆಳಗಿನಿಂದ ದಪ್ಪ ದನಿ ಕೇಳಿಸಿತು. “ಯಾರೇ ಅದು ಮೇಲೆ?” ಸಿಮೆಂಟ್ ಅಂಗಡಿಯಿಂದ ಊಟಕ್ಕೆ ಬಂದ ಅಂಕಮ್ಮನ ಗಂಡ ಚಿಕ್ಕಬೈರಪ್ಪ.

“ಮನೆ ನೋಡೋಕೆ ಬಂದೋರು!” ಅಂಕಮ್ಮ ಕೂಗಿ ಹೇಳಿ, ಮೆಲ್ಲಗೆ ಸೇರಿಸಿದಳು. “ನೀರಿನ ಬಗ್ಗೆ ಏನಾದ್ರೂ ಕೇಳ್ಕೊಂಡು ಇಳೀರಿ. ಇಲ್ದಿದ್ರೆ ಅನುಮಾನ ಬರುತ್ತೆ.”

ರಾಜಶ್ರೀ ಇಳಿಯುವಾಗ ಕಾವೇರಿ ನೀರು ವಾರಕ್ಕೆಷ್ಟು ಸಲ ಬರುತ್ತದೆಂದು ಗಟ್ಟಿಯಾಗಿ ಕೇಳಿದಳು. ಚಿಕ್ಕಬೈರಪ್ಪನೇ ಸಾವಧಾನವಾಗಿ ಉತ್ತರ ಹೇಳಿ, ಒಂಟಿ ಹೆಣ್ಣುಮಕ್ಕಳಿಗೆ ಈ ಬೀದಿಯಲ್ಲಿ ಭಯವಿಲ್ಲವೆಂದೂ ಸೇರಿಸಿದ.

ಮಾರನೆಯ ದಿನ ಶಿವರಾಮ್ ಎದುರು ಎಲ್ಲವನ್ನೂ ಹೇಳಿದಾಗ, ಅವನ ಮೊದಲ ಮಾತು, “ಇದನ್ನ ಸೌಮ್ಯ ಹೇಳಿಕೊಟ್ಟಳಾ ನಿಮಗೆ?” ಎಂಬುದು.

“ಇಲ್ಲ ಸಾರ್. ನಾನೇ ಅವಳ ಬೆನ್ನು ಹತ್ತಿ ಹೋಗಿದ್ದೆ.”

“ನಾನು ಅಕ್ಕ ಅಂತಾನೇ ಮಾತಾಡಿದ್ದೆ. ಮರ್ಯಾದೆ ತಪ್ಪಿ ಒಂದು ಮಾತಾಡ್ಲಿಲ್ಲ.” ಅವನ ಮುಖ ಕಪ್ಪಿಟ್ಟಿತು. “ಆಸ್ಪತ್ರೆಯೋರಿಗೆ ಏನ್ ಹೇಳ್ಲಿ?”

“ಏನೂ ಗೊತ್ತಾಗಿಲ್ಲ ಅಂತ ಹೇಳಿ. ಅದೇ ನಿಜ. ಈ ಉತ್ತರಗಳನ್ನ ಹಿಡ್ಕೊಂಡು ನಾನಂತೂ ಬರಲ್ಲ.”

ಅವಳು ತನ್ನ ವಿರುದ್ಧ ಏನೋ ಹೂಡುತ್ತಿದ್ದಾಳೆ ಎಂಬಂತೆ ಎರಡು ದಿನ ಶಿವರಾಮ್ ಮಾತು ಬಿಟ್ಟ. ಬೇರೆ ಕಡೆ ಕೆಲಸ ಹುಡುಕುತ್ತಿದ್ದಾಳೆಯೇ ಎಂದು ಯಾರನ್ನೋ ವಿಚಾರಿಸಿದನೆಂದೂ ಅವಳ ಕಿವಿಗೆ ಬಿತ್ತು. ಕೊನೆಗೆ ತಾನೇ ಆಸ್ಪತ್ರೆಗೆ ಫೋನ್ ಮಾಡಿ, ಇನ್ನೂ ಸಮಯ ಬೇಕೆಂದ.

ರಾಜಶ್ರೀ ಅಚ್ಚು ಬದಲಿಸಿದಳು. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂತು. ಮುಂಭಾಗ ತೆಳುವಾಗಿ ಮೆತ್ತಗಾಯಿತು. ಪ್ರತಿ ಸಲವೂ ತಾನೇ ಮೊದಲು ಹಾಕಿಕೊಂಡು, ಕೋಣೆಯ ನೆಲ ಒರೆಸಿದಳು, ಬಕೆಟ್ಟಿನಲ್ಲಿ ಬಟ್ಟೆ ಒಗೆದಳು. ಒಂದು ಮಾದರಿ ಜಾರಿ ಬಿತ್ತು. ಇನ್ನೊಂದು ಎಷ್ಟು ಮೆತ್ತಗಾಯಿತೆಂದರೆ ಒಳಗೆ ಮಡಚಿಕೊಂಡೇ ಕೂತಿತು. ಅಂತೂ ಒಂದು ನಿಂತಿತು.

ಸೌಮ್ಯ ಕೆಲಸ ಬಿಡಲಿಲ್ಲ, ಆದರೆ ಷರತ್ತು ಹಾಕಿದಳು. ಯಾರ ನಂಬರೂ, ಯಾರ ಮನೆಯೂ ಆಫೀಸಿನಲ್ಲಿ ಯಾರಿಗೂ ಗೊತ್ತಿರಬಾರದು. ಒಪ್ಪಿದ ಹೆಂಗಸರು ತಮಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿನಲ್ಲಿ ಸಿಗುತ್ತಾರೆ. ಅವರು ಹೇಳಿದ್ದನ್ನು ತಾನು ತರುತ್ತೇನೆ. ಬೇಡವೆಂದರೆ ಬೇರೆಯವರನ್ನು ನೋಡಿಕೊಳ್ಳಿ. ಶಿವರಾಮ್ ಕೂಡಲೇ ಒಪ್ಪಿದ. ರಾಜಶ್ರೀಗೆ ಕಷ್ಟವಾಯಿತು. ಹಾಗಾದರೆ ಪರೀಕ್ಷಿಸಿ ನೋಡಲು ದಾರಿಯೇ ಇರುವುದಿಲ್ಲ. ಸೌಮ್ಯಳ ಮಾತನ್ನು ನಂಬಬೇಕು, ಇಲ್ಲವೇ ಉಂಗುರವನ್ನೇ ಬಿಡಬೇಕು. ಒಪ್ಪಿದಳು. ಸಂಶಯ ಪೂರ್ತಿ ಹೋಯಿತೆಂದೇನೂ ಅಲ್ಲ. ಊಟದ ಹೊತ್ತಿಗೆ ಸೌಮ್ಯ ಈಗ ಬೇರೆ ಮೇಜಿನಲ್ಲಿ ಕೂರುತ್ತಿದ್ದಳು. ಅವಳ ಫೋನ್ ನಡುಗಿದರೆ ರಾಜಶ್ರೀ ಬೇಕೆಂದೇ ಕಿಟಕಿಯ ಕಡೆ ತಿರುಗುತ್ತಿದ್ದಳು.

ಹೊಸ ಸುತ್ತಿನ ಉತ್ತರಗಳು ಬರತೊಡಗಿದವು. ಒಬ್ಬರಿಗೆ ಹಾಕಿಕೊಳ್ಳುವಾಗ ಜಾರುತ್ತದೆ. ಇನ್ನೊಬ್ಬರಿಗೆ ಮೊದಲ ದಿನ ಉರಿ. ಮತ್ತೊಬ್ಬರು ಇದನ್ನು ಮಾಡಿದವಳಿಗೆ ಬುದ್ಧಿಯಿಲ್ಲವೆಂದು ಬೈದಿದ್ದರು. ಸೌಮ್ಯ ಅದನ್ನೂ ಬಿಡದೆ ಓದಿದಳು.

“ಒಬ್ರಿಗೆ ದಾರ ಇರುವೆ ಹರಿದಂಗಾಗುತ್ತಂತೆ. ಹೂವು ಕಟ್ಟೋಕೆ ಕೂತಾಗ.”

“ಯಾರು?” ರಾಜಶ್ರೀಯ ಬಾಯಿ ತಪ್ಪಿ ಬಂತು.

ಸೌಮ್ಯ ಹಾಳೆಯಿಂದ ತಲೆಯೆತ್ತಿ ಅವಳನ್ನೇ ನೋಡಿದಳು.

“ಸರಿ, ಬಿಡಿ. ದಾರ ಉದ್ದಾಯ್ತೋ, ದಪ್ಪ ಆಯ್ತೋ? ಅದನ್ನಷ್ಟೇ ಕೇಳ್ಕೊಂಡು ಬನ್ನಿ.”

“ಕೇಳಿದೀನಿ. ದಪ್ಪ ಆಯ್ತಂತೆ.”

ರಾಜಶ್ರೀ ಎದ್ದು, ಇನ್ನೂ ತೆಳ್ಳಗಿನ ದಾರ ಹುಡುಕಲು ಒಳಗೆ ಹೋದಳು.