ಬೇಳೆ ಬೇಯದ ನೀರು

೧೯೬೬ರ ಬೇಸಿಗೆ. ಹುಬ್ಬಳ್ಳಿ ಹತ್ತಿರದ ಸುಳ್ಳ ಊರಿನ ಯಂಕಣ್ಣನ ಮನೆಯಲ್ಲಿ ತೊಗರಿಬೇಳೆ ಬೇಯುವುದನ್ನು ಬಿಟ್ಟಿತು. ಅವನ ಹಿತ್ತಲ ಬಾವಿ ಓಣಿಗೆಲ್ಲ ಸಿಹಿನೀರಿನದು. ಹೆಂಡತಿ ಮುತ್ತವ್ವ ಗಡಿಗೆಗೆ ಚಿಟಿಕೆ ಸೋಡಾ ಹಾಕಿದಳು, ಬೇಳೆ ಬೆಂದಿತು. ಓಣಿಯವರೂ ಸೋಡಾ ಹಾಕತೊಡಗಿದರು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಗುಡ್ಡವ್ವನಿಗೆ ಮಾತ್ರ ದಿನವೂ ಹೊಟ್ಟೆನೋವು, ವಾಂತಿ.

“ಬಸರಿಗೆ ವಾಂತಿ ಹೊಸಾದೇನ?” ಎಂದ ಯಂಕಣ್ಣ.

“ಏಳು ತಿಂಗಳಾದ ಮ್ಯಾಲೂ ಆಗತೈತೇನ್ರಿ?” ಎಂದಳು ಮುತ್ತವ್ವ.

ಗುಡ್ಡವ್ವನನ್ನು ನೋಡಲು ಯಂಕಣ್ಣನ ಗೆಳೆಯ ಯಾಕೂಬಸಾಬ ಬಂದ. ಹುಬ್ಬಳ್ಳಿಯಲ್ಲಿ ಸೈಕಲ್ ಹ್ಯಾಂಡಲ್ಲುಗಳಿಗೆ ಕ್ರೋಮಿಯಂ ಹೊಳಪು ಏರಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದು ಬಿಟ್ಟವನು. ಮನೆಯವರು ಕುಡಿಯುವುದು ತಾಮ್ರದ ತಂಬಿಗೆಯಲ್ಲಿ. ಯಾಕೂಬಸಾಬನಿಗೆಂದು ಗೂಡಿನಲ್ಲಿ ಬೇರೆ ಇಟ್ಟಿದ್ದ ಬಿಳಿ ಪಿಂಗಾಣಿ ಬಟ್ಟಲಲ್ಲಿ ಮುತ್ತವ್ವ ನೀರು ಕೊಟ್ಟಳು. ಅವನು ಕುಡಿಯಲಿಲ್ಲ. ಬಟ್ಟಲಲ್ಲಿ ನೀರು ತೆಳು ಹಳದಿಯಾಗಿತ್ತು.

ಅದೇ ಕಾರ್ಖಾನೆ ಬಳಸಿ ಬಿಟ್ಟ ಆಮ್ಲವನ್ನು ಯಂಕಣ್ಣ ಬಾಡಿಗೆಗೆ ಸಾಗಿಸುತ್ತಿದ್ದ. ಅವನು ಅಂಗಳದ ಗಾಡಿಯಲ್ಲಿದ್ದ ಆ ಪೀಪಾಯಿಗಳ ಕಡೆ ನೋಡಿದ. “ಯಂಕಣ್ಣಾ, ಕಾರ್ಖಾನಿ ತೇಜಾಬು ಎಲ್ಲಿ ಚೆಲ್ಲಾಕತ್ತೀ?”

“ಹೊಲದಾಗಿನ ಬತ್ತಿದ ಬಾವ್ಯಾಗ. ತಳದಾಗ ನೂರೈವತ್ತು ಅಡಿ ಬೋರು ಕೊರಸಿದ್ನಲ್ಲ, ಅದರಾಗ ಸುರೀತೇನಿ. ಎರಡು ವರ್ಷ ಆತು. ಪಾತಾಳಕ್ಕ ಹೋಗತೈತಿ. ಭೂಮಿತಾಯಿ ಹೊಟ್ಟಿ ದೊಡ್ಡದು.”

“ನಿನ್ನ ಹಿತ್ತಲ ಬಾವೀನೂ ಅದ ಹೊಟ್ಟ್ಯಾಗ ಐತಿ.”

“ತೇಜಾಬು ಬಂದಿದ್ರ ನೀರು ಹುಳಿ ಆಗಬೇಕಿತ್ತಲ್ಲೋ! ಬಾಯಾಗ ಹಾಕ್ಕೊಂಡು ನೋಡು. ದೊಡ್ಡ ಡಾಕ್ಟರ ಬಂದಾನ.”

“ಕಾರ್ಖಾನ್ಯಾಗ ತೇಜಾಬು ಚೆಲ್ಲಿದ್ರ ಸುಣ್ಣಕಲ್ಲಿನ ಪುಡಿ ಹಾಕತಿದ್ವಿ. ಬುಸ್ ಅಂತ ನೊರಿ ಬಂದು ಹುಳಿ ಸಾಯತಿತ್ತು. ಹಳದಿ ಹೋಗತಿರಲಿಲ್ಲ. ನಮ್ಮ ನೆಲದಾಗೂ ಸುಣ್ಣಕಲ್ಲು ಐತಿ. ತೇಜಾಬು ಅದನ್ನ ತಿಂದು ಹುಳಿ ಕಳಕೊಂಡೈತಿ. ಕರಗಿದ ಸುಣ್ಣ ಬಾವಿಗೆ ಬಂತು, ಬ್ಯಾಳಿ ಬೇಯಲಿಲ್ಲ. ಹಳದಿ ವಿಷಾನೂ ನೀರಿನ ಕೂಡ ಬಂತು. ನೆಲಾ ಮೊದಲ ತಿಳಿಸಿತ್ತು; ನೀವು ಸೋಡಾ ಹಾಕಿ ಅದರ ಬಾಯಿ ಮುಚ್ಚಿದ್ರಿ.”

ಯಂಕಣ್ಣ ನಕ್ಕ. ಯಾಕೂಬಸಾಬ ಧೋತರದ ಅಂಚಿನಿಂದ ಒಂದು ಎಳೆ ಕಿತ್ತು, ಹೊಸೆದು, ಮೂಗಿನ ಒಂದು ಹೊರಳೆಯಲ್ಲಿ ತೂರಿಸಿದ. ಅದು ಇನ್ನೊಂದು ಹೊರಳೆಯಿಂದ ಹೊರಬಂತು. ನಡುವಿನ ಗೋಡೆಯಲ್ಲಿ ತೂತು ಬಿದ್ದಿತ್ತು.

“ನಾ ಬರೇ ಅದರ ಉಗಿ ಕುಡದೇನಿ. ನಿನ್ನ ಮಗಳು ನೀರ ಕುಡ್ಯಾಕತ್ತಾಳ.”

ಯಂಕಣ್ಣ ಪೀಪಾಯಿಗಳನ್ನು ಅಂದೇ ಕಾರ್ಖಾನೆಯ ಬಾಗಿಲಿಗೆ ಇಳಿಸಿ ಬಂದ. ಯಾರೂ ನೀರು ಸೇದದಂತೆ ಹಿತ್ತಲ ಬಾವಿಯ ಗಡಗಡಿ ಬಿಚ್ಚಿದ. ಗುಡ್ಡವ್ವನ ಕೂಸು ಉಳಿಯಲಿಲ್ಲ. ನೀರೇ ಕಾರಣವೋ ಅಲ್ಲವೋ ಡಾಕ್ಟರು ಹೇಳಲಿಲ್ಲ. ಯಂಕಣ್ಣ ಕೇಳಲೂ ಇಲ್ಲ. ಈಗ ಮುತ್ತವ್ವ ಕೆರೆಯಿಂದ ನೀರು ಹೊರುತ್ತಾಳೆ. ಪಿಂಗಾಣಿ ಬಟ್ಟಲು ಗೂಡಿನಲ್ಲಿಲ್ಲ. ಎಲ್ಲರ ನೀರನ್ನೂ ಮೊದಲು ಅದರಲ್ಲಿ ಹಿಡಿದು ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಹಾಳು ಬಾವಿಗೆ ಯಾರಾದರೂ ಪೀಪಾಯಿ ತಂದರೆ ಗಾಡಿ ತಡೆಯಿರಿ, ಪಂಚಾಯತಿಗೆ ತಿಳಿಸಿರಿ. ನೀರು ಇದ್ದಕ್ಕಿದ್ದಂತೆ ಬದಲಾದರೆ ಪರೀಕ್ಷೆಗೆ ಕಳಿಸಿರಿ; ಬಣ್ಣ ಕಾಣದಿದ್ದರೂ ನಂಬಬೇಡಿರಿ. ಕಾಯಿಸಿದರೆ ಈ ವಿಷ ಹೋಗುವುದಿಲ್ಲ. ಯಂಕಣ್ಣ ಸುರಿಯುವುದನ್ನು ನಿಲ್ಲಿಸಿದ್ದಾನೆ. ಅವನ ಬಾವಿಯ ನೀರು ಇನ್ನೂ ಹಳದಿಯಾಗಿಯೇ ಇದೆ.