ಕಲ್ಲಮ್ಮನ ಕೊಬ್ಬರಿ, ಕಂಪ್ಯೂಟರ್ ಕ್ಲಾಸಿನ ನೀತಿ ಪಾಠ

ಶೆಟ್ಟಿಕೆರೆಯ ಕಲ್ಲಮ್ಮ ಅವತ್ತು ಕೊಬ್ಬರಿ ಚೀಲದ ಸಮೇತ ಚಿಕ್ಕನಾಯಕನಹಳ್ಳಿಗೆ ಬಂದವರು, ಪೀರ್ ಸಾಬ್ ಅವರ ಟೈಲರ್ ಅಂಗಡಿ ಮುಂದೆ ಧೊಪ್ಪನೆ ಕೂತರು.

"ಏನಕ್ಕ, ಇಷ್ಟು ಸಿಟ್ಟು?" ಅಂದರು ಪೀರ್ ಸಾಬ್.

"ಇನ್ನೇನ್ ಮಾಡ್ಲಿ ಸಾಬ್ರೇ? ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಪಾಡಿದ ಕೊಬ್ಬರಿ. ಮಂಡಿಯೋರು ಹೊಸದಾಗಿ ಯಾವುದೋ ಆಪ್ ಇಟ್ಕೊಂಡವ್ರೆ. ಫೋಟೊ ಕಳ್ಸಿದ್ರೆ ಅದೇ ದರ್ಜೆ ಹೇಳ್ತದಂತೆ. ನಂದು ಮೂರನೇ ದರ್ಜೆ ಅಂತು! ಮುಟ್ಟಿ ನೋಡ್ರಪ್ಪ ಅಂದ್ರೆ, ಕಂಪ್ಯೂಟರ್ ಹೇಳಿದ ಮೇಲೆ ಮುಗೀತು ಕಣಮ್ಮ ಅಂತಾರೆ."

ಪೀರ್ ಸಾಬ್ ಒಂದು ಕೊಬ್ಬರಿ ಎತ್ತಿ ನೋಡಿದರು. ದುಂಡಗೆ, ಗಟ್ಟಿಯಾಗಿ, ಘಮ್ಮಂತಿತ್ತು. ಆ ಆಪ್ ಮಾಡಿದ್ದು ಅವರ ಮಗಳು ಶಬೀನಾ! ತಿಪಟೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಮುಂದಿನ ವಾರ ಅದೇ ಆಪ್ ರಾಜ್ಯಮಟ್ಟದ ಸ್ಪರ್ಧೆಗೆ ಹೋಗಬೇಕಿತ್ತು. ಪೀರ್ ಸಾಬ್ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಸಂಜೆ ಬಸ್ಸಿನಿಂದ ಶಬೀನಾ ಇಳಿದಳು. ಜೊತೆಗೆ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳುವ, ಚಿಕ್ಕನಾಯಕನಹಳ್ಳಿಯವರೇ ಆದ ನಯನ ಮೇಡಂ. ವಿಷಯ ಕೇಳಿ ಶಬೀನಾ ಕಲ್ಲಮ್ಮನ ಫೋನು ಇಸ್ಕೊಂಡಳು.

"ಈ ಫೋಟೊ ಎಲ್ಲಿ ತೆಗೆದ್ರಿ ಅತ್ತೆ?"

"ಅಟ್ಟದ ಮೇಲೇ ಕಣವ್ವ."

ಶಬೀನಾ ಮುಖ ಸಪ್ಪಗಾಯಿತು. "ತಪ್ಪು ನಂದೇ. ನಾವು ಆಪ್‌ಗೆ ಕಲಿಸಿದ್ದೆಲ್ಲ ಮಂಡಿಯ ಟ್ಯೂಬ್‌ಲೈಟ್ ಕೆಳಗಿನ ಫೋಟೊ. ಮಬ್ಬು ಬೆಳಕಲ್ಲಿ ಒಳ್ಳೇ ಕೊಬ್ಬರಿನೂ ಕಪ್ಪಗೆ ಕಾಣ್ತಿದೆ. ಅಬ್ಬಾ, ಇದನ್ನ ಹೀಗೇ ಸ್ಪರ್ಧೆಗೆ ಕಳಿಸಲ್ಲ." ಅಲ್ಲೇ ನಿಂತು ಮಂಡಿಗೆ ಫೋನ್ ಮಾಡಿ, "ಆಪ್ ನಿಲ್ಲಿಸಿ, ಕಲ್ಲಮ್ಮನ ಮಾಲು ಕೈಯಲ್ಲೇ ಮುಟ್ಟಿ ನೋಡಿ" ಅಂದಳು.

ಪೀರ್ ಸಾಬ್ ಮೇಡಂ ಕಡೆ ತಿರುಗಿದರು. "ಸ್ಪರ್ಧೆ ಮುಂದಿನ ವಾರ, ಇವಳು ಕಳಿಸಲ್ಲ ಅಂತಾಳೆ. ಎಲ್ಲಾ ನೀವು ಕೊನೇ ವರ್ಷದೋರಿಗೆ ಹೇಳೋ ನೀತಿ ಪಾಠದಿಂದ ಕಣ್ರೀ! ಸುಳ್ಳು ಹೇಳಬೇಡ, ಕದೀಬೇಡ ಅಂತ ಮನೇಲೇ ಕಲಿಸಿದ್ದೀವಿ. ಕಾಲೇಜಲ್ಲಿ ಕಂಪ್ಯೂಟರ್ ಹೇಳಿಕೊಡಿ, ಸಾಕು."

ಮೇಡಂ ನಕ್ಕರು. "ಸಾಬ್ರೇ, ಇಲ್ಲಿ ಯಾರಾದ್ರೂ ಸುಳ್ಳು ಹೇಳಿದ್ರಾ? ಕದ್ರಾ?"

"ಇಲ್ಲ."

"ಆದ್ರೂ ಕಲ್ಲಮ್ಮನೋರಿಗೆ ಅನ್ಯಾಯ ಆಯ್ತಲ್ವಾ? ಇಂಥದ್ದು ಕಣ್ಣಿಗೆ ಬೀಳೋಕೆ ಅಭ್ಯಾಸ ಬೇಕು. ಅದಕ್ಕೇ ಬೇರೆ ಪೀರಿಯಡ್ ಇಟ್ಟು ಉಪದೇಶ ಮಾಡಲ್ಲ. ಪ್ರೋಗ್ರಾಂ ಬರೆಸುವಾಗಲೇ ಕೇಳ್ತೀವಿ: ಇದು ತಪ್ಪಿದ್ರೆ ಪೆಟ್ಟು ಯಾರಿಗೆ? ಯಾರನ್ನ ಮರೆತಿದ್ದೀವಿ? ಅವರು ಯಾರ ಹತ್ರ ಹೋಗಿ ಕೇಳಬೇಕು? ಇದಕ್ಕೂ ಮಾರ್ಕ್ಸ್ ಇದೆ."

ಪೀರ್ ಸಾಬ್ ಕೊರಳಿನ ಅಳತೆ ಟೇಪು ಕೈಗೆ ತಗೊಂಡರು. "ಒಬ್ಬರ ಅಳತೆಗೆ ಊರೋರಿಗೆಲ್ಲ ಅಂಗಿ ಹೊಲಿದ ಹಾಗಾಯ್ತಲ್ಲ ಇದು" ಅಂದರು.

ಆಮೇಲೆ ಐದು ದಿನ ಶಬೀನಾ ಗೆಳತಿಯರ ಜೊತೆ ಶೆಟ್ಟಿಕೆರೆ, ಹಂದನಕೆರೆ ಸುತ್ತಿದಳು. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಅಟ್ಟ ಹತ್ತಿ ಫೋಟೊ ತೆಗೆದು, ಅವನ್ನೂ ಆಪ್‌ಗೆ ಕಲಿಸಿದಳು. ಒಂದು ದಿನ ಪೀರ್ ಸಾಬ್ ಕೂಡ ಅಂಗಡಿಗೆ ಬಾಗಿಲು ಹಾಕಿ ಏಣಿ ಹಿಡಿಯೋಕೆ ಹೋದರು. ಆಪ್‌ಗೆ ಈಗ ಹೊಸ ಮಾತೂ ಬಂತು: "ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ, ಕೈಯಲ್ಲಿ ಮುಟ್ಟಿ ನೋಡಿ." ದೂರು ಹೇಳೋಕೆ ಒಂದು ಫೋನ್ ನಂಬರ್ ಕೂಡ.

ಸ್ಪರ್ಧೆಯಲ್ಲಿ ತೀರ್ಪುಗಾರರು ಕೇಳಿದರು: "ಮೊದಲು ನೂರಕ್ಕೆ ತೊಂಬತ್ತೇಳು ಸರಿ ಹೇಳ್ತಿತ್ತು. ಈಗ ತೊಂಬತ್ತೊಂದು. ಯಾಕಮ್ಮ ಕಡಿಮೆ?"

"ಅದು ಮಂಡಿಯ ಫೋಟೊ ಮಾತ್ರ ನೋಡಿ ಬಂದದ್ದು ಸರ್. ಇದು ಎಲ್ಲರ ಮನೆಯ ಕೊಬ್ಬರಿ ನೋಡಿ ಬಂದದ್ದು" ಅಂದಳು ಶಬೀನಾ.

ಮೊದಲನೇ ಬಹುಮಾನ! ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಕಲ್ಲಮ್ಮ. ಅವರ ಮಾಲು ಅಷ್ಟರಲ್ಲಿ ಮೊದಲ ದರ್ಜೆಗೇ ಹೋಗಿತ್ತು. ಪೀರ್ ಸಾಬ್ ಕಣ್ಣು ಒರೆಸಿಕೊಂಡು ಎದ್ದು ನಿಂತು, "ಮೇಡಂ, ಈ ಪಾಠ ಕೊನೇ ವರ್ಷಕ್ಕೆ ಮಾತ್ರ ಯಾಕೆ? ಮೊದಲನೇ ವರ್ಷದಿಂದ್ಲೇ ಇಡಿ" ಅಂದರು.

ಈ ವರ್ಷದಿಂದ ಆ ಕಾಲೇಜಿನಲ್ಲಿ ಹಾಗೇ ನಡೆಯುತ್ತಿದೆ.

ಅಪ್ಪ ಅಮ್ಮಂದಿರೇ, ನಿಮ್ಮ ಮಗಳೋ ಮಗನೋ ಕಂಪ್ಯೂಟರ್ ಓದುತ್ತಿದ್ದರೆ ನಾಳೆಯೇ ಕಾಲೇಜಿಗೆ ಹೋಗಿ ಕೇಳಿ: "ಪ್ರೋಗ್ರಾಂ ಜೊತೆ ನೀತಿನೂ ಕಲಿಸ್ತೀರಾ?" ಇಲ್ಲ ಅಂದರೆ, ಕಲಿಸಿ ಅಂತ ಪಟ್ಟು ಹಿಡಿಯಿರಿ. ವಿದ್ಯಾರ್ಥಿಗಳೇ, ನೀವು ಬರೆದದ್ದನ್ನು ಯಾರಿಗೋ ಕೊಡುವ ಮೊದಲು, ಅದರಿಂದ ಪೆಟ್ಟು ತಿನ್ನುವವರ ಮನೆಗೆ ಒಮ್ಮೆ ಹೋಗಿ ಬನ್ನಿ.