ಎಮ್ಮೆಯ ಕೆಮ್ಮು

ಕಟಕೋಳದ ಪರಶು ಫೋನ್ ಮಾಡಿದಾಗ ರಾಮದುರ್ಗದ ದನದ ಆಸ್ಪತ್ರೆಯಲ್ಲಿ ಸ್ನೇಹಲ್ ಒಬ್ಬಳೇ ಡಾಕ್ಟರ್ ಇದ್ದಳು. ಅಂಗಳದ ತುಂಬ ದನ. ಪರಶುನ ಎಮ್ಮೆ ಮೇವು ಬಿಟ್ಟು ಕೆಮ್ಮುತ್ತಿತ್ತಂತೆ. “ಅದರ ಉಸಿರಿನ ಸಪ್ಪಳ ಕೇಳೂಹಂಗ ವಿಡಿಯೊ ಮಾಡಿ ಕಳಸ್ರಿ” ಎಂದಳು. ಈಗಲೇ ಹೊರಡಬೇಕೋ, ಸಂಜೆ ಹೋದರೆ ನಡೆದೀತೋ ತಿಳಿಯಬೇಕಿತ್ತು.

ವಿಡಿಯೊ ಬಂತು. ಎಮ್ಮೆಯೇನೋ ಇತ್ತು, ಆದರೆ ಉಸಿರಿನ ಬದಲು ಸಿನಿಮಾ ಹಾಡು ಕೇಳಿಸಿತು.

“ಹಾಡ್ಯಾಕ ಹಾಕೀರಿ?”

“ಬರೇ ಎಮ್ಮಿ ಚಲೋ ಕಾಣೂದಿಲ್ರಿ ಮೇಡಮ್ಮರ.”

ಎರಡನೆಯದರಲ್ಲಿ ಪರಶುನ ಮುಖವೇ ತುಂಬಿತ್ತು. ಮೊದಲಿಂದ ಕಡೆಯವರೆಗೆ ಅವನೇ ಮಾತಾಡಿದ್ದ. ಮೂರನೆಯದರಲ್ಲಿ ಸುಮ್ಮನಿದ್ದ, ಪಕ್ಕದಲ್ಲಿ ಟ್ರ್ಯಾಕ್ಟರ್ ಗುಡುಗುತ್ತಿತ್ತು. ಆಮೇಲೆ ಒಂದು ಫೋಟೋ ಬಂತು.

“ಫೋಟೋದಾಗ ಕೆಮ್ಮು ಕೇಳಸ್ತೈತೇನ್ರಿ?” ಸ್ನೇಹಲ್ ಒದರಿದ ರಭಸಕ್ಕೆ ಎದುರಿಗಿದ್ದ ಹೋರಿ ಬೆದರಿ ಹಿಂದೆ ಸರಿಯಿತು.

ಫೋನ್ ಮತ್ತೆ ಸದ್ದು ಮಾಡಿತು. ಈ ಸಲ ಬರೀ ದನಿಯ ಮೆಸೇಜು, ಮುದುಕಿಯೊಬ್ಬಳದು.

“ಡಾಕ್ಟರ ಬಾಯಾರ, ನಾ ಪರಶುನ ಅವ್ವ ಸಾವಂತ್ರೆವ್ವ. ಇವನ ಕೈಲೆ ಆಗೂದಿಲ್ಲ. ಎಮ್ಮಿ ಹಿಂಗ ಮಾಡಾಕ ಹತ್ತೈತಿ, ಕೇಳ್ರಿ.”

ಬಳಿಕ ಸಾವಂತ್ರೆವ್ವ ಎಮ್ಮೆಯಂತೆ ಕೆಮ್ಮಿದಳು. ಗಂಟಲಲ್ಲಿ ಗುಳುಗುಳು ಮಾಡಿ, ಮೂಗಿನಿಂದ ಬುಸುಗುಟ್ಟಿ, ಮತ್ತೆ ಕೆಮ್ಮಿದಳು. ಸ್ನೇಹಲ್‌ಗೆ ನಗು ಬಂತು. ಗುಳುಗುಳು ಎರಡನೇ ಸಲ ಕೇಳಿದಾಗ ನಗು ನಿಂತಿತು. ಕೂಡಲೇ ಫೋನ್ ಹಚ್ಚಿದಳು.

“ಯವ್ವಾ, ಎಮ್ಮಿಗೆ ಏನರ ಕುಡಿಸೀರೇನು?”

“ಹೊಟ್ಟಿ ಉಬ್ಬಿತ್ತಂತ ನಿನ್ನೆ ಬಿದಿರಿನ ಗೊಟ್ಟದಾಗ ಗಂಟಲಕ್ಕ ಎಣ್ಣಿ ಹಾಕಿದ್ವಿ. ಕೊಸರಾಡಿ ಕೆಮ್ಮಿತು. ಈಗ ಇನ್ನೊಂದು ಗೊಟ್ಟ ತುಂಬಿಟ್ಟೇನಿ.”

“ಹನಿ ಸುದ್ದಾ ಕುಡಿಸಬ್ಯಾಡ್ರಿ! ಎಣ್ಣಿ ಹೊಟ್ಟಿಗೆ ಹೋಗದ ಪುಪ್ಪಸಕ್ಕ ಇಳದೈತಿ. ನಾ ಬರತೇನಿ.”

ಕಾದು ನಿಂತವರ ಗೊಣಗಾಟ ಕೇಳುತ್ತಲೇ ಸ್ನೇಹಲ್ ಸ್ಕೂಟಿ ಹತ್ತಿದಳು. ಕಟಕೋಳದಲ್ಲಿ ಎಮ್ಮೆ ಕತ್ತು ಚಾಚಿ, ಬಾಯಿ ತೆರೆದು ನಿಂತಿತ್ತು. ಅವಳು ಸೂಜಿ ಚುಚ್ಚುವಾಗ ಪರಶು ವಿಡಿಯೊ ಮಾಡತೊಡಗಿದ. ಸಾವಂತ್ರೆವ್ವ ಅವನ ಕೈಯಿಂದ ಫೋನ್ ಕಸಿದು ಸೆರಗಿನಲ್ಲಿ ಕಟ್ಟಿಕೊಂಡು, “ಎಮ್ಮಿ ಕಾಲ್ ಹಿಡಿಯೋ, ಭಾಡ್ಯಾ!” ಎಂದಳು.

ಕೈ ತೊಳೆಯುತ್ತ ಸ್ನೇಹಲ್ ಸಿಟ್ಟಿನಲ್ಲೇ ಹೇಳಿದಳು: “ಇನ್ನ ಮ್ಯಾಲೆ ಗೊಟ್ಟ ಹಾಕಬ್ಯಾಡ್ರಿ.”

“ನಮ್ಮತ್ತಿ ಹಿಂಗ ಹಾಕತಿದ್ಲರಿ.”

“ಆಕಿ ಕೈಯಾಗ ಒಂದೂ ಸತ್ತಿಲ್ಲೇನು?”

ಮುದುಕಿ ಎಮ್ಮೆಯ ಬೆನ್ನು ಸವರಿದಳು. “ಎರಡು ಸತ್ತಾವ್ರಿ” ಎಂದಳು ಮೆಲ್ಲಗೆ. “ದೃಷ್ಟಿ ಆಗಿತ್ತಂತ ಅಂದಿದ್ವಿ.”

ಸ್ನೇಹಲ್ ಆಮೇಲೆ ಬೈಯಲಿಲ್ಲ. ಆ ವಾರವೆಲ್ಲ ದಿನಾ ಬಂದು ಸೂಜಿ ಹಾಕಿದಳು. ಎಮ್ಮೆ ಬದುಕಿತು. ಹಾಲು ಮಾತ್ರ ಆ ಸೂಲಿನಲ್ಲಿ ಮೊದಲಿನಷ್ಟು ಬರಲಿಲ್ಲ.